ಕಲಿಯುವ ಬಗೆ, ಕಲಿಯುವ ಜಾಗ



ದ್ವಿತೀಯ ಪಿ.ಯು.ಸಿ. ಫಲಿತಾಂಶ ಬಂದ ದಿನದಿಂದ ಮನೆಯಲ್ಲಿ ಒಂದೇ ಮಾತು: ಮುಂದೇನು? ಅಂಕ ಹೆಚ್ಚು ಬಂದವರಿಗೂ ಅದೇ ಚಿಂತೆ, ಕಡಿಮೆ ಬಂದವರಿಗೂ ಅದೇ ಚಿಂತೆ. ಆ ದಿನಗಳಲ್ಲಿ ನಮ್ಮ ಕಾರ್ಯಕ್ರಮಕ್ಕೆ ಬರುವ ಪತ್ರಗಳಲ್ಲೂ ಈ ಪ್ರಶ್ನೆಯೇ ಹೆಚ್ಚು. ಬೀದರ ಜಿಲ್ಲೆ ಹುಮನಾಬಾದ ತಾಲ್ಲೂಕಿನ ಹಳ್ಳಿಖೇಡ (ಬಿ)ಯಿಂದ ಬಂದ ಒಂದು ಪತ್ರವನ್ನು ಇಂದಿನ ಮಾತಿಗೆ ಆಧಾರವಾಗಿ ತೆಗೆದುಕೊಂಡಿದ್ದೇನೆ. ಬರೆದವಳು ವಿಜ್ಞಾನ ವಿಭಾಗದ ವಿದ್ಯಾರ್ಥಿನಿ. ಹೆಸರು ಹೇಳಬೇಡಿ ಎಂದು ಕೋರಿದ್ದಾಳೆ. ಆಕೆಯ ಸಮಸ್ಯೆ ನಿಮ್ಮಲ್ಲಿ ಅನೇಕರ ಸಮಸ್ಯೆಯೂ ಆಗಿರುವುದರಿಂದ ಹೆಸರಿನ ಅಗತ್ಯವೂ ಇಲ್ಲ.

ಪತ್ರದ ಸಾರಾಂಶ ಇಷ್ಟು. ಹತ್ತನೆಯ ತರಗತಿಯವರೆಗೆ ಆಕೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ರಸಾಯನಶಾಸ್ತ್ರ ಇಷ್ಟ. ಬಿ.ಎಸ್ಸಿ. ಸೇರಬೇಕೆಂಬ ಆಸೆ. ಆದರೆ ಒಂದು ಮಾರ್ಗದರ್ಶನ ಶಿಬಿರದಲ್ಲಿ ಪ್ರಶ್ನೆಗಳ ಪಟ್ಟಿ ಕೊಟ್ಟು ಉತ್ತರ ಬರೆಸಿಕೊಂಡು, "ನೀನು ಕೇಳಿ ಕಲಿಯುವ ಗುಂಪಿನವಳು, ಕೈಯಿಂದ ಮಾಡಿ ಕಲಿಯುವ ವಿಷಯ ನಿನಗೆ ಒಗ್ಗುವುದಿಲ್ಲ" ಎಂದು ಹೇಳಿದರಂತೆ. ಅಂದಿನಿಂದ ವಿಜ್ಞಾನವನ್ನೇ ಬಿಡಬೇಕೇನೋ ಎಂಬ ಅಳುಕು. ಇದು ಒಂದು ಕಡೆ. ಇನ್ನೊಂದು ಕಡೆ ಮನೆಯ ಮಾತು. ಅಪ್ಪ ಹೇಳುವುದು, "ದಿನಾ ಮನಿಗಿ ಬಂದು ಹೋಗೂ ಹಂಗ ಇರಬೇಕವ್ವ." ಕಾಕಾ ಹೇಳುವುದು, "ಹೈದರಾಬಾದಿಗಿ ಹೋದ್ರನೇ ಓದು." ಆಕೆ ಕೇಳುತ್ತಾಳೆ: ನಾನು ಯಾವ ಬಗೆಯ ವಿದ್ಯಾರ್ಥಿ ಎಂದು ತಿಳಿಯುವುದು ಹೇಗೆ? ನನ್ನ ಬಗೆಗೆ ತಕ್ಕ ವಿಶ್ವವಿದ್ಯಾಲಯ ಯಾವುದು?

ಈ ಎರಡು ಪ್ರಶ್ನೆಗಳಲ್ಲಿ ಮೊದಲನೆಯದನ್ನು ಸರಿಯಾಗಿ ಬಿಡಿಸಿಕೊಂಡರೆ ಎರಡನೆಯದರ ರೂಪವೇ ಬದಲಾಗುತ್ತದೆ.

ಕಲಿಕೆಯ ಶೈಲಿ ಎಂಬ ಮಾತು

ಕೆಲವರು ನೋಡಿ ಕಲಿಯುತ್ತಾರೆ, ಕೆಲವರು ಕೇಳಿ ಕಲಿಯುತ್ತಾರೆ, ಕೆಲವರು ಓದಿ ಬರೆದು ಕಲಿಯುತ್ತಾರೆ, ಕೆಲವರು ಕೈಯಿಂದ ಮಾಡಿ ಕಲಿಯುತ್ತಾರೆ. ಈ ವಿಂಗಡಣೆಯನ್ನು ನೀವು ಕೇಳಿರಬಹುದು. ನ್ಯೂಜಿಲೆಂಡಿನ ನೀಲ್ ಫ್ಲೆಮಿಂಗ್ ಎಂಬ ಶಿಕ್ಷಣತಜ್ಞರು 1980ರ ದಶಕದ ಕೊನೆಯಲ್ಲಿ ಇದಕ್ಕಾಗಿ ಒಂದು ಪ್ರಶ್ನಾವಳಿ ರೂಪಿಸಿದರು. 'ವಾರ್ಕ್' ಎಂಬ ಹೆಸರಿನಿಂದ ಅದು ಪ್ರಪಂಚದ ತುಂಬ ಹರಡಿತು. ಇದೊಂದೇ ಅಲ್ಲ, ಇಂತಹ ವರ್ಗೀಕರಣಗಳು ಹತ್ತಾರು. ಬ್ರಿಟನ್ನಿನಲ್ಲಿ ಫ್ರಾಂಕ್ ಕಾಫೀಲ್ಡ್ ಮತ್ತು ಸಂಗಡಿಗರು 2004ರಲ್ಲಿ ಲೆಕ್ಕ ಹಾಕಿದಾಗ 71 ಬಗೆಯ ವರ್ಗೀಕರಣಗಳು ಸಿಕ್ಕವು! ಒಂದರಲ್ಲಿ 'ಕೇಳುಗ'ನಾದವನು ಇನ್ನೊಂದರಲ್ಲಿ 'ಚಿಂತಕ', ಮತ್ತೊಂದರಲ್ಲಿ 'ಕ್ರಿಯಾಶೀಲ' ಆಗಬಹುದು. ವಿದ್ಯಾರ್ಥಿ ಮಾತ್ರ ಒಬ್ಬನೇ.

ವಿಜ್ಞಾನದಲ್ಲಿ ಒಂದು ಮಾತು ಜನಪ್ರಿಯವಾದರೆ ಸಾಲದು, ಅದು ಪರೀಕ್ಷೆಯಲ್ಲಿ ನಿಲ್ಲಬೇಕು. ಇದನ್ನು ಪರೀಕ್ಷಿಸುವುದು ಹೇಗೆ ಎಂದು ನೀವೇ ಯೋಚಿಸಿ ನೋಡಿ. ಒಂದು ತರಗತಿಯಲ್ಲಿ 'ನೋಡಿ ಕಲಿಯುವವರು' ಮತ್ತು 'ಕೇಳಿ ಕಲಿಯುವವರು' ಎಂದು ಎರಡು ಗುಂಪು ಮಾಡಿ. ಪ್ರತಿ ಗುಂಪಿನಲ್ಲೂ ಅರ್ಧ ಜನರಿಗೆ ಪಾಠವನ್ನು ಚಿತ್ರಗಳ ಮೂಲಕ, ಉಳಿದ ಅರ್ಧ ಜನರಿಗೆ ಅದೇ ಪಾಠವನ್ನು ಮಾತಿನ ಮೂಲಕ ಹೇಳಿಕೊಡಿ. ಕೊನೆಗೆ ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ ಕೊಡಿ. ಶೈಲಿಯ ವಾದ ನಿಜವಾಗಿದ್ದರೆ ನೋಡುಗರಲ್ಲಿ ಚಿತ್ರದ ಪಾಠ ಕೇಳಿದವರು ಮೇಲಾಗಬೇಕು, ಕೇಳುಗರಲ್ಲಿ ಮಾತಿನ ಪಾಠ ಕೇಳಿದವರು ಮೇಲಾಗಬೇಕು. ಫಲಿತಾಂಶ ಅಡ್ಡವಾಗಿ ಹೊರಳಬೇಕು. ಎರಡೂ ಗುಂಪಿನವರು ಚಿತ್ರದಿಂದಲೇ ಚೆನ್ನಾಗಿ ಕಲಿತರೆ ಆ ಪಾಠಕ್ಕೆ ಚಿತ್ರ ಒಳ್ಳೆಯದು ಎಂದಾಯಿತೇ ಹೊರತು ಶೈಲಿಯ ವಾದ ಸಿದ್ಧವಾದಂತಲ್ಲ.

ಅಮೆರಿಕದ ನಾಲ್ವರು ಮನೋವಿಜ್ಞಾನಿಗಳು, ಪ್ಯಾಶ್ಲರ್, ಮ್ಯಾಕ್‌ಡೇನಿಯಲ್, ರೋರರ್ ಮತ್ತು ಬ್ಯೋರ್ಕ್, 2008ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಇಂತಹ ಪುರಾವೆಯನ್ನೇ ಹುಡುಕಿದರು. ಈ ಕ್ರಮದಲ್ಲಿ ನಡೆದ ಅಧ್ಯಯನಗಳು ಬಹಳ ಕಡಿಮೆ ಇದ್ದವು. ನಡೆದವುಗಳಲ್ಲೂ ಹಲವು ಈ ವಾದಕ್ಕೆ ವಿರುದ್ಧವಾಗಿದ್ದವು. ವಿದ್ಯಾರ್ಥಿಯ ಶೈಲಿಗೆ ಪಾಠವನ್ನು ಹೊಂದಿಸಿದರೆ ಕಲಿಕೆ ಹೆಚ್ಚುತ್ತದೆ ಎಂಬುದಕ್ಕೆ ಸಾಕಷ್ಟು ಆಧಾರವಿಲ್ಲ ಎಂಬುದು ಅವರ ತೀರ್ಮಾನ.

ಇದರ ಅರ್ಥ ನಮಗೆ ಇಷ್ಟಾನಿಷ್ಟಗಳಿಲ್ಲ ಎಂದಲ್ಲ. ಒಬ್ಬರಿಗೆ ಪುಸ್ತಕ ಹಿಡಿದು ಕೂರುವುದು ಇಷ್ಟ, ಒಬ್ಬರಿಗೆ ಮೇಷ್ಟ್ರ ಮಾತು ಇಷ್ಟ. ಪ್ರಶ್ನಾವಳಿ ಹೇಳುವುದು ಈ ಇಷ್ಟವನ್ನು. ಅದು ಸಾಮರ್ಥ್ಯದ ಅಳತೆಯಲ್ಲ. ಬದನೆಕಾಯಿ ಪಲ್ಯ ಇಷ್ಟವಿಲ್ಲದವನಿಗೆ ಬದನೆಕಾಯಿ ಜೀರ್ಣವಾಗುವುದಿಲ್ಲ ಎಂದು ಯಾರೂ ಹೇಳುವುದಿಲ್ಲವಷ್ಟೆ?

ವಿಷಯಕ್ಕೆ ತಕ್ಕ ಬಗೆ

ನಿಜವಾಗಿ ನೋಡಿದರೆ ಬಗೆಯನ್ನು ನಿರ್ಧರಿಸುವುದು ಹೆಚ್ಚಾಗಿ ಕಲಿಯುವ ವಿಷಯ. ಇದಕ್ಕೆ ಉದಾಹರಣೆ ಹುಡುಕಲು ಬೀದರ ಜಿಲ್ಲೆಯಿಂದ ಆಚೆ ಹೋಗಬೇಕಾಗಿಲ್ಲ.

ಹಳ್ಳಿಖೇಡ, ಹುಮನಾಬಾದ, ಬಸವಕಲ್ಯಾಣದ ಕಡೆಯ ಮಕ್ಕಳು ಮನೆಯಲ್ಲಿ ಕನ್ನಡ ಮಾತನಾಡುತ್ತಾರೆ. ಸಂತೆಯಲ್ಲಿ, ಬಸ್ ನಿಲ್ದಾಣದಲ್ಲಿ ದಖನಿ ಉರ್ದು ಕಿವಿಗೆ ಬೀಳುತ್ತದೆ. ಗಡಿಯ ನಂಟಿನಿಂದ ಮರಾಠಿಯೂ ತೆಲುಗೂ ಅಷ್ಟಿಷ್ಟು ಬರುತ್ತವೆ. ಇವನ್ನೆಲ್ಲ ಅವರು ಕಲಿತದ್ದು ಕಿವಿಯಿಂದ, ಆಡಿ ಆಡಿ ನಾಲಗೆಯಿಂದ. ಅದೇ ಮಗು ಮಗ್ಗಿ ಕಲಿತದ್ದು ಬಾಯಿಪಾಠದಿಂದ. ನಕ್ಷೆ ಕಲಿತದ್ದು ಕಣ್ಣಿಂದ. ಕಬ್ಬಿನ ಗದ್ದೆಗೆ ನೀರು ತಿರುಗಿಸುವುದನ್ನು ಕಲಿತದ್ದು ಕಾಲು ಕೆಸರು ಮಾಡಿಕೊಂಡು. ಈ ಮಗುವನ್ನು ಯಾವ ಗುಂಪಿಗೆ ಸೇರಿಸುತ್ತೀರಿ?

ಬೀದರಿನ ಬಿದರಿ ಕೆಲಸವನ್ನು ನೋಡಿ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ಯುತ್ತಾರೆ. ಪಾತ್ರೆಯ ಮೇಲೆ ಚಿತ್ತಾರ ಬರೆದು, ಉಳಿಯಿಂದ ಕೊರೆದು, ಆ ಗೀರುಗಳಲ್ಲಿ ಬೆಳ್ಳಿಯ ತಂತಿ ಕೂರಿಸಿ ಬಡಿಯುತ್ತಾರೆ. ಕೊನೆಗೆ ಬೀದರ ಕೋಟೆಯ ಮಣ್ಣನ್ನು ನವಸಾಗರದೊಂದಿಗೆ ಕಲಸಿ, ಬಿಸಿ ಮಾಡಿದ ಪಾತ್ರೆಗೆ ಉಜ್ಜುತ್ತಾರೆ. ಸತುವಿನ ಭಾಗ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೆ ಉಳಿಯುತ್ತದೆ. ಇದನ್ನು ಕಲಿಯುವ ಹುಡುಗ ಚಿತ್ತಾರವನ್ನು ಕಣ್ಣಿಂದ ಕಲಿಯಬೇಕು, ಉಳಿಯ ಪೆಟ್ಟನ್ನು ಕೈಯಿಂದ ಕಲಿಯಬೇಕು, ಉಸ್ತಾದರ ಎಚ್ಚರಿಕೆಯನ್ನು ಕಿವಿಯಿಂದ ಕೇಳಬೇಕು. "ನಾನು ನೋಡಿ ಕಲಿಯುವವನು, ಸುತ್ತಿಗೆ ಹಿಡಿಯುವುದಿಲ್ಲ" ಎಂದರೆ ಅವನು ಬಿದರಿ ಕಲಿಯಲಾರ. ನವಸಾಗರ ಎಂದರೆ ಅಮೋನಿಯಂ ಕ್ಲೋರೈಡ್. ಅದು ಸತುವನ್ನು ಕಪ್ಪಾಗಿಸಿ ಬೆಳ್ಳಿಯನ್ನು ಹಾಗೇ ಬಿಡುವುದೇಕೆ ಎಂದು ಕೇಳಿದ ಕ್ಷಣವೇ ನೀವು ರಸಾಯನಶಾಸ್ತ್ರದೊಳಗೆ ಕಾಲಿಟ್ಟಿರಿ. ಅಲ್ಲಿಯೂ ಹಾಗೆಯೇ: ಸೂತ್ರವನ್ನು ಬರೆದು ಕಲಿಯಬೇಕು, ಬಣ್ಣದ ಬದಲಾವಣೆಯನ್ನು ನೋಡಿ ಕಲಿಯಬೇಕು, ಬ್ಯುರೆಟ್ಟಿನ ತಿರುಪನ್ನು ಹನಿ ಹನಿಯಾಗಿ ಬಿಡುವುದನ್ನು ಬೆರಳಿನಿಂದ ಕಲಿಯಬೇಕು.

ಹಳ್ಳಿಖೇಡದ ಹೆಸರಿನ ಜೊತೆಗಿರುವ (ಬಿ) ಏನೆಂದು ಹೊರಗಿನವರು ಕೇಳುವುದುಂಟು. ಹಳೆಯ ಪಾರಸಿ ಕಂದಾಯ ದಾಖಲೆಗಳ ಪದ್ಧತಿಯಂತೆ ಒಂದೇ ಹೆಸರಿನ ಎರಡು ಊರುಗಳಿದ್ದರೆ ದೊಡ್ಡದಕ್ಕೆ 'ಬುಜುರ್ಗ್', ಚಿಕ್ಕದಕ್ಕೆ 'ಖುರ್ದ್' ಎಂದು ಸೇರಿಸುತ್ತಿದ್ದರು. ಅದರ ಗುರುತೇ ಈ (ಬಿ) ಮತ್ತು (ಕೆ). ಟಪಾಲು ತಪ್ಪದಿರಲು ಊರಿಗೆ ಇಂತಹ ಆವರಣ ಚಿಹ್ನೆ ಬೇಕು. ವಿದ್ಯಾರ್ಥಿಯ ಹೆಸರಿನ ಮುಂದೆ ಅದು ಬೇಡ. ಹದಿನೇಳನೆಯ ವಯಸ್ಸಿನಲ್ಲಿ ಅರ್ಧ ಗಂಟೆಯ ಪ್ರಶ್ನಾವಳಿ ನೋಡಿ ಒಂದು ಇಡೀ ವಿಷಯದ ಬಾಗಿಲು ಮುಚ್ಚಿಕೊಳ್ಳುವುದು ದೊಡ್ಡ ನಷ್ಟ. ವಿಜ್ಞಾನ ವಿಭಾಗ ಬಿಟ್ಟವರು ಮರಳಿ ಅದಕ್ಕೆ ಬರುವುದು ನಮ್ಮ ವ್ಯವಸ್ಥೆಯಲ್ಲಿ ಕಷ್ಟ. ಆದ್ದರಿಂದ ಪತ್ರ ಬರೆದ ವಿದ್ಯಾರ್ಥಿನಿಗೆ ನನ್ನ ಉತ್ತರ ನೇರ: ಆ ಪಟ್ಟಿಯ ಕಾರಣಕ್ಕೆ ರಸಾಯನಶಾಸ್ತ್ರ ಬಿಡಬೇಡವ್ವ.

ನಿಜಕ್ಕೂ ಫಲ ಕೊಡುವ ಅಭ್ಯಾಸ

ಹಾಗಾದರೆ ಎಲ್ಲರಿಗೂ ಒಗ್ಗುವ, ಪುರಾವೆಯುಳ್ಳ ಅಭ್ಯಾಸ ಯಾವುದಾದರೂ ಇದೆಯೇ? ಇದೆ. ಅದಕ್ಕೆ ದುಡ್ಡೂ ಬೇಕಿಲ್ಲ.

2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕ್ ಎಂಬ ಸಂಶೋಧಕರು ಕಾಲೇಜು ವಿದ್ಯಾರ್ಥಿಗಳಿಗೆ ಚಿಕ್ಕ ವಿಜ್ಞಾನ ಲೇಖನಗಳನ್ನು ಓದಲು ಕೊಟ್ಟರು. ಕೆಲವು ಲೇಖನಗಳನ್ನು ಎರಡು ಸಲ ಓದಿಸಿದರು. ಕೆಲವನ್ನು ಒಂದು ಸಲ ಮಾತ್ರ ಓದಿಸಿ, ನಂತರ ಮುಚ್ಚಿಟ್ಟು ನೆನಪಿನಿಂದ ಬರೆಸಿದರು. ಐದು ನಿಮಿಷದ ನಂತರ ಕೇಳಿದಾಗ ಎರಡು ಸಲ ಓದಿದ್ದೇ ಹೆಚ್ಚು ನೆನಪಿತ್ತು. ಆದರೆ ಒಂದು ವಾರದ ನಂತರ ಲೆಕ್ಕ ತಿರುಗಿತು. ಎರಡು ಸಲ ಓದಿದ್ದರಲ್ಲಿ ಸುಮಾರು ಶೇಕಡಾ 42 ಭಾಗ ನೆನಪಿದ್ದರೆ, ಒಮ್ಮೆ ಓದಿ ನೆನಪಿನಿಂದ ಬರೆದಿದ್ದರಲ್ಲಿ ಸುಮಾರು ಶೇಕಡಾ 56 ಭಾಗ ನೆನಪಿತ್ತು.

ಪರೀಕ್ಷೆಯ ಹಿಂದಿನ ರಾತ್ರಿ ಮತ್ತೆ ಮತ್ತೆ ಓದಿದಾಗ 'ಎಲ್ಲ ಬರುತ್ತದೆ' ಎನಿಸುವುದು ಏಕೆಂದು ಈಗ ತಿಳಿಯಿತಲ್ಲವೇ? ಕಣ್ಣಿಗೆ ಪರಿಚಯವಾದದ್ದನ್ನು ಮನಸ್ಸು ಕಲಿತದ್ದೆಂದು ಎಣಿಸುತ್ತದೆ. ಪುಸ್ತಕ ಮುಚ್ಚಿ ಬರೆಯಲು ಕೂತಾಗ ಸತ್ಯ ಹೊರಬರುತ್ತದೆ. ಆ ತಡವರಿಕೆಯೇ ಕಲಿಕೆಯನ್ನು ಗಟ್ಟಿ ಮಾಡುತ್ತದೆ. ಇದರ ಜೊತೆಗೆ ಅಂತರವೂ ಬೇಕು. ಒಂದೇ ದಿನ ಆರು ಗಂಟೆ ಓದುವುದಕ್ಕಿಂತ ಬೇರೆ ಬೇರೆ ದಿನ ಒಂದೊಂದು ಗಂಟೆ ಓದುವುದು ಮೇಲು. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಮರೆವನ್ನು ತನ್ನ ಮೇಲೆಯೇ ಅಳೆದು 1885ರಷ್ಟು ಹಿಂದೆಯೇ ಇದನ್ನು ಬರೆದಿಟ್ಟಿದ್ದಾನೆ.

ಈ ವಿಷಯದಲ್ಲಿ ನಮ್ಮ ಮಾಧ್ಯಮದ ಬಗ್ಗೆಯೂ ಒಂದು ಮಾತು ಹೇಳಬೇಕು. ದೂರದರ್ಶನಕ್ಕೂ ಕಲ್ಯಾಣ ಕರ್ನಾಟಕಕ್ಕೂ ಹಳೆಯ ನಂಟು. 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ 'ಸೈಟ್' ಎಂಬ ಉಪಗ್ರಹ ಶಿಕ್ಷಣ ಪ್ರಯೋಗ ಆರು ರಾಜ್ಯಗಳ 2,400 ಹಳ್ಳಿಗಳನ್ನು ತಲುಪಿತು. ಕರ್ನಾಟಕದಲ್ಲಿ ಅದಕ್ಕೆ ಆಯ್ದದ್ದು ಇಂದಿನ ಕಲಬುರಗಿ, ರಾಯಚೂರು, ವಿಜಯಪುರದ ಕಡೆಯ ಹಳ್ಳಿಗಳನ್ನು. ಅದರ ಮುಂದುವರಿಕೆಯಾಗಿ 1977ರಲ್ಲಿ ಕಲಬುರಗಿಯಲ್ಲಿ ದೂರದರ್ಶನ ಕೇಂದ್ರ ಬಂತು. 1984ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗದ ಪಾಠಗಳು ದೇಶಾದ್ಯಂತ ಪ್ರಸಾರವಾಗತೊಡಗಿದವು. 2020ರಲ್ಲಿ ಕೋವಿಡ್ ಕಾರಣದಿಂದ ಶಾಲೆಗಳು ಮುಚ್ಚಿದಾಗ ಚಂದನ ವಾಹಿನಿ ಪಾಠಗಳನ್ನು ಮನೆಗೆ ತಂದಿತು. ತೆರೆಯ ಮೇಲೆ ಒಂದು ಪ್ರಯೋಗವನ್ನು ಅಂದವಾಗಿ ತೋರಿಸಲು ನಾವು ನಿರ್ಮಾಪಕರು ಬಹಳ ಶ್ರಮ ಪಡುತ್ತೇವೆ. ದೀಪ, ಕ್ಯಾಮರಾ, ಸಂಕಲನ ಎಲ್ಲ ಸೇರಿ ಹತ್ತು ನಿಮಿಷದಲ್ಲಿ ವಿಷಯ ತಿಳಿಯಾಗುತ್ತದೆ. ನೋಡುವವರಿಗೆ ಸಂತೋಷವೂ ಆಗುತ್ತದೆ. ಆದರೆ ತೆರೆ ಆರಿದ ಮೇಲೆ ನೀವು ಕಾಗದ ತೆಗೆದು, ನೋಡಿದ್ದನ್ನು ಮೂರು ಸಾಲಿನಲ್ಲಿ ಬರೆಯದಿದ್ದರೆ ಅದರಲ್ಲಿ ಹೆಚ್ಚಿನದು ನಿಮ್ಮ ಬಳಿ ಉಳಿಯುವುದಿಲ್ಲ. ಈಗ ಮೊಬೈಲಿನಲ್ಲಿ ಪಾಠ ನೋಡುವವರಿಗೂ ಇದೇ ಮಾತು ಅನ್ವಯಿಸುತ್ತದೆ.

ಕಲಿಕೆಗೆ ಮುಖ್ಯವಾದದ್ದು ವಿದ್ಯಾರ್ಥಿಯ ಹಣೆಪಟ್ಟಿಯಲ್ಲ, ವಿದ್ಯಾರ್ಥಿ ಮಾಡುವ ಕೆಲಸ ಎಂದಾದರೆ, ವಿಶ್ವವಿದ್ಯಾಲಯವನ್ನು ಆಯುವಾಗಲೂ 'ನನ್ನ ಶೈಲಿಗೆ ಅದು ಒಗ್ಗುತ್ತದೆಯೇ?' ಎಂದು ಕೇಳಬೇಕಾಗಿಲ್ಲ. 'ಅಲ್ಲಿ ನನ್ನಿಂದ ಏನೇನು ಮಾಡಿಸುತ್ತಾರೆ?' ಎಂದು ಕೇಳಬೇಕು.

ಹತ್ತಿರದ್ದೋ, ದೂರದ್ದೋ?

ಒಂದು ಕಾಲದಲ್ಲಿ ವಿದ್ಯೆಗಾಗಿ ಜನ ಬೀದರಿಗೆ ಬರುತ್ತಿದ್ದರು. ಬಹಮನಿ ರಾಜ್ಯದ ಮಂತ್ರಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮೂರಂತಸ್ತಿನ ಮದರಸಾ ಅದಕ್ಕೆ ಸಾಕ್ಷಿಯಾಗಿ ಇನ್ನೂ ನಿಂತಿದೆ. ಅದರಲ್ಲಿ ಪಾಠದ ಕೋಣೆಗಳಿದ್ದವು, ಗ್ರಂಥಾಲಯವಿತ್ತು, ಗುರು ಶಿಷ್ಯರಿಗೆ ಅಲ್ಲೇ ವಸತಿಯಿತ್ತು. ಒಳ್ಳೆಯ ವಿದ್ಯಾಸಂಸ್ಥೆಗೆ ಬೇಕಾದ ಮೂರು ಅಂಗಗಳು ಅವು. ಇಂದಿಗೂ ಅವೇ.

ಆಧುನಿಕ ಕಾಲದಲ್ಲಿ ಈ ಭಾಗದವರು ದೂರ ಹೋಗಬೇಕಾಯಿತು. ಬೀದರ ಜಿಲ್ಲೆ ಹೈದರಾಬಾದ ಸಂಸ್ಥಾನದಲ್ಲಿದ್ದಾಗ ಉನ್ನತ ಶಿಕ್ಷಣ ಎಂದರೆ 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯ. ಅಲ್ಲಿನ ಬೋಧನೆ ಉರ್ದುವಿನಲ್ಲಿ. 1956ರ ಏಕೀಕರಣದ ನಂತರ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದತ್ತ ಮುಖ ಮಾಡಬೇಕಾಯಿತು. 1970ರಲ್ಲಿ ಅದರ ಸ್ನಾತಕೋತ್ತರ ಕೇಂದ್ರ ಕಲಬುರಗಿಗೆ ಬಂತು. 1980ರಲ್ಲಿ ಅದೇ ಗುಲಬರ್ಗಾ ವಿಶ್ವವಿದ್ಯಾಲಯವಾಯಿತು. ಮುಂದೆ 2004ರ ಕಾಯ್ದೆಯಂತೆ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಬೀದರಿಗೇ ಬಂತು. 2009ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿಶ್ವವಿದ್ಯಾಲಯ ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿದೆ. 2023ರಲ್ಲಿ ಬೀದರ ವಿಶ್ವವಿದ್ಯಾಲಯ ಆರಂಭವಾಯಿತು. ಧಾರವಾಡದವರೆಗೆ ಹೋಗುತ್ತಿದ್ದ ದಾರಿ ಮನೆಯ ಹತ್ತಿರಕ್ಕೆ ಬಂದಿದೆ. ಬೀದರ–ಕಲಬುರಗಿ ರೈಲುಮಾರ್ಗವೂ 2017ರಲ್ಲಿ ಹುಮನಾಬಾದ ಮೂಲಕ ಪೂರ್ಣಗೊಂಡಿತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಆರಂಭವಾದ ಮೇಲೆ ಹೆಣ್ಣುಮಕ್ಕಳ ಬಸ್ ಖರ್ಚಿನ ಲೆಕ್ಕವೂ ಬದಲಾಗಿದೆ.

ಇಲ್ಲಿ ಒಂದು ಗೊಂದಲವನ್ನು ನಿವಾರಿಸಿಕೊಳ್ಳಬೇಕು. ಪದವಿ ಓದುವ ಬಹುಪಾಲು ವಿದ್ಯಾರ್ಥಿಗಳು ಓದುವುದು ಕಾಲೇಜಿನಲ್ಲಿ. ಪಠ್ಯಕ್ರಮ ಗೊತ್ತುಪಡಿಸುವುದು, ಪರೀಕ್ಷೆ ನಡೆಸುವುದು, ಪದವಿ ಕೊಡುವುದು ಆ ಕಾಲೇಜು ಸೇರಿರುವ ವಿಶ್ವವಿದ್ಯಾಲಯ. ಒಂದೇ ವಿಶ್ವವಿದ್ಯಾಲಯಕ್ಕೆ ಸೇರಿದ ಎರಡು ಕಾಲೇಜುಗಳಲ್ಲಿ ಒಂದರ ಪ್ರಯೋಗಶಾಲೆ ದಿನವೂ ತೆರೆದಿರಬಹುದು, ಇನ್ನೊಂದರದು ಪರೀಕ್ಷೆಯ ತಿಂಗಳಲ್ಲಿ ಮಾತ್ರ ತೆರೆಯಬಹುದು. ಆದ್ದರಿಂದ ಪದವಿ ಮಟ್ಟದಲ್ಲಿ ವಿಶ್ವವಿದ್ಯಾಲಯದ ಹೆಸರಿಗಿಂತ ಕಾಲೇಜಿನ ಒಳಗಿನ ಸ್ಥಿತಿ ಮುಖ್ಯ. ವಿಶ್ವವಿದ್ಯಾಲಯದ ವಿಭಾಗ, ಅಲ್ಲಿನ ಪ್ರಾಧ್ಯಾಪಕರು, ಅವರ ಸಂಶೋಧನೆ ಇವೆಲ್ಲ ಸ್ನಾತಕೋತ್ತರ ಹಂತಕ್ಕೆ ಬಂದಾಗ ಮೊದಲ ಸ್ಥಾನಕ್ಕೆ ಬರುತ್ತವೆ.

ಅಪ್ಪನ ಮಾತಿನಲ್ಲೂ ಕಾಕಾನ ಮಾತಿನಲ್ಲೂ ಸತ್ಯವಿದೆ. ಹತ್ತಿರದಲ್ಲಿದ್ದರೆ ಖರ್ಚು ಕಡಿಮೆ, ಮನೆಯ ಆಸರೆ ಇರುತ್ತದೆ. ಆದರೆ ದಿನಕ್ಕೆ ಮೂರು ಗಂಟೆ ಬಸ್ಸಿನಲ್ಲಿ ಕಳೆದರೆ ಓದುವ ವೇಳೆ ಎಲ್ಲಿ? ದೂರ ಹೋದರೆ ದೊಡ್ಡ ಗ್ರಂಥಾಲಯ, ಬೇರೆ ಬೇರೆ ಕಡೆಯ ಸಹಪಾಠಿಗಳು ಸಿಗುತ್ತಾರೆ. ಆದರೆ ಕೋಣೆಯ ಬಾಡಿಗೆಗೂ ಊಟಕ್ಕೂ ಸಾಲ ಮಾಡಬೇಕಾದರೆ ಆ ಚಿಂತೆಯೂ ತರಗತಿಯೊಳಗೆ ಬಂದು ಕೂರುತ್ತದೆ. ದೂರ ಎಂಬುದೇ ಗುಣವಲ್ಲ, ಹತ್ತಿರ ಎಂಬುದೇ ದೋಷವಲ್ಲ. ತೀರ್ಮಾನ ಆಗಬೇಕಾದದ್ದು ಕೆಲವು ನಿರ್ದಿಷ್ಟ ಪ್ರಶ್ನೆಗಳ ಉತ್ತರದಿಂದ.

ಕೇಳಬೇಕಾದ ಪ್ರಶ್ನೆಗಳು

ಸಾಧ್ಯವಾದರೆ ಅರ್ಜಿ ಹಾಕುವ ಮೊದಲೇ ಒಂದು ದಿನ ಆ ಕಾಲೇಜಿಗೆ ಹೋಗಿ ಬನ್ನಿ. ಅಪ್ಪನನ್ನೋ ಅಣ್ಣನನ್ನೋ ಜೊತೆಗೆ ಕರೆದೊಯ್ಯಿರಿ. ಕಚೇರಿಯ ಕಿಟಕಿಯಲ್ಲಿ ವಿವರಪತ್ರಿಕೆ ತೆಗೆದುಕೊಂಡು ಹಿಂದಿರುಗಬೇಡಿ. ಎರಡನೆಯ ವರ್ಷದ ಒಬ್ಬ ವಿದ್ಯಾರ್ಥಿಯನ್ನೋ ವಿದ್ಯಾರ್ಥಿನಿಯನ್ನೋ ಮಾತನಾಡಿಸಿ.

ಮೊದಲನೆಯ ಪ್ರಶ್ನೆ: ಕಳೆದ ತಿಂಗಳು ನೀವು ನಿಮ್ಮ ಕೈಯಿಂದಲೇ ಎಷ್ಟು ಪ್ರಯೋಗ ಮಾಡಿದಿರಿ? 'ಪ್ರಯೋಗಶಾಲೆ ಇದೆ' ಎಂಬುದು ಉತ್ತರವಲ್ಲ. ಮೇಷ್ಟ್ರು ಮಾಡಿ ತೋರಿಸಿ ಉಳಿದವರು ಸುತ್ತ ನಿಂತು ನೋಡುವುದೂ ಸಾಲದು.

ಎರಡನೆಯದು: ನಿಮ್ಮ ವಿಷಯಕ್ಕೆ ಕಾಯಂ ಅಧ್ಯಾಪಕರು ಎಷ್ಟು ಜನರಿದ್ದಾರೆ? ಅತಿಥಿ ಉಪನ್ಯಾಸಕರಲ್ಲೂ ಬಹಳ ಒಳ್ಳೆಯ ಬೋಧಕರಿದ್ದಾರೆ. ಆದರೆ ವರ್ಷದ ನಡುವೆ ಅವರ ನೇಮಕ ತಡವಾದರೆ ಪಾಠ ನಿಲ್ಲುತ್ತದೆ. ಅದನ್ನು ತಿಳಿದಿರಬೇಕು.

ಮೂರನೆಯದು: ಗ್ರಂಥಾಲಯ ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ? ಪುಸ್ತಕಗಳನ್ನು ನೀವೇ ಕಪಾಟಿನಿಂದ ತೆಗೆದು ನೋಡಬಹುದೇ?

ನಾಲ್ಕನೆಯದು ಭಾಷೆಯ ಪ್ರಶ್ನೆ. ಕನ್ನಡ ಮಾಧ್ಯಮದಿಂದ ಬಂದವರಿಗೆ ಮೊದಲ ವರ್ಷ ಇಂಗ್ಲಿಷ್ ಪಾರಿಭಾಷಿಕ ಪದಗಳು ಬೆಟ್ಟದಂತೆ ಕಾಣುತ್ತವೆ. ಅವರಿಗೆ ಪ್ರತ್ಯೇಕ ಸಹಾಯ ಇದೆಯೇ? ತರಗತಿಯಲ್ಲಿ ಕನ್ನಡದಲ್ಲಿ ಪ್ರಶ್ನೆ ಕೇಳಿದರೆ ಅಧ್ಯಾಪಕರು ಉತ್ತರಿಸುತ್ತಾರೆಯೇ, ಇಲ್ಲ ನಗುತ್ತಾರೆಯೇ? ಎಷ್ಟೋ ಜನ ಬುದ್ಧಿವಂತರು 'ನನಗೆ ವಿಜ್ಞಾನ ಬರುವುದಿಲ್ಲ' ಎಂದುಕೊಳ್ಳುತ್ತಾರೆ. ಅವರಿಗೆ ಬಾರದಿರುವುದು ವಿಜ್ಞಾನವಲ್ಲ, ಆ ಮೊದಲ ವರ್ಷದ ಭಾಷೆ. ಕಲಿಕೆಯ ಶೈಲಿಗಿಂತ ಇದು ದೊಡ್ಡ ಅಡ್ಡಿ. ಆದರೆ ದಾಟಬಹುದಾದ ಅಡ್ಡಿ. ದಿನಕ್ಕೆ ಐದು ಪದಗಳನ್ನು ಅರ್ಥಸಹಿತ ಬರೆದಿಟ್ಟುಕೊಂಡು ಮಾರನೆಯ ದಿನ ನೋಡದೆ ಬರೆದರೆ ಆರು ತಿಂಗಳಲ್ಲಿ ಒಂಬೈನೂರು ಪದಗಳಾಗುತ್ತವೆ.

ಐದನೆಯದು ವಸತಿ. ಸಮಾಜ ಕಲ್ಯಾಣ ಇಲಾಖೆ ಮತ್ತು ಹಿಂದುಳಿದ ವರ್ಗಗಳ ಇಲಾಖೆ ನಡೆಸುವ ಮೆಟ್ರಿಕ್ ನಂತರದ ವಿದ್ಯಾರ್ಥಿನಿಲಯಗಳಲ್ಲಿ ಸ್ಥಳ ಸಿಗುವುದೇ? ವಿದ್ಯಾರ್ಥಿನಿಯರಿಗೆ ಅಲ್ಲಿಂದ ಕಾಲೇಜಿಗೆ ಹೋಗುವ ದಾರಿ ಸುರಕ್ಷಿತವೇ? ಮನೆಯವರ ಆತಂಕಕ್ಕೆ ಭರವಸೆಯ ಮಾತಿಗಿಂತ ಇಂತಹ ವಿವರಗಳೇ ಸರಿಯಾದ ಉತ್ತರ.

ಆರನೆಯದು ಮಾನ್ಯತೆ. 1956ರ ವಿಶ್ವವಿದ್ಯಾಲಯ ಅನುದಾನ ಆಯೋಗದ ಕಾಯ್ದೆಯ ಪ್ರಕಾರ, ಸಂಸತ್ತಿನ ಅಥವಾ ವಿಧಾನಮಂಡಲದ ಕಾನೂನಿನಿಂದ ಸ್ಥಾಪನೆಯಾದ ವಿಶ್ವವಿದ್ಯಾಲಯಗಳು ಮತ್ತು ಕಾನೂನಿನಂತೆ ಅಧಿಕಾರ ಪಡೆದ ಸಂಸ್ಥೆಗಳು ಮಾತ್ರ ಪದವಿ ಕೊಡಬಹುದು. ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯನ್ನು ಆಯೋಗವೇ ಪ್ರಕಟಿಸುತ್ತದೆ. ಶುಲ್ಕ ಕಟ್ಟುವ ಮೊದಲು ಅದನ್ನು ನೋಡಿ. 1994ರಿಂದ ಬೆಂಗಳೂರಿನಲ್ಲಿರುವ ನ್ಯಾಕ್ ಸಂಸ್ಥೆಯ ಮೌಲ್ಯಾಂಕನವನ್ನೂ ಗಮನಿಸಿ. ಆದರೆ ಅದು ಇಡೀ ಸಂಸ್ಥೆಯ ಒಟ್ಟು ಚಿತ್ರ. ನಿಮ್ಮ ವಿಭಾಗದಲ್ಲಿ ಬ್ಯುರೆಟ್ಟು ಇದೆಯೇ ಎಂಬುದನ್ನು ಅದು ಹೇಳುವುದಿಲ್ಲ.

ಕಲ್ಯಾಣ ಕರ್ನಾಟಕದ ವಿದ್ಯಾರ್ಥಿಗಳು ಮರೆಯಬಾರದ ಇನ್ನೊಂದು ಸಂಗತಿ ಸಂವಿಧಾನದ 371 (ಜೆ) ವಿಧಿ. 2012ರ ತಿದ್ದುಪಡಿಯಿಂದ ಬಂದ ಈ ವಿಧಿಯ ಅನ್ವಯ 2013ರಲ್ಲಿ ಹೊರಟ ಆದೇಶದಂತೆ, ಈ ಭಾಗದ ಶಿಕ್ಷಣ ಸಂಸ್ಥೆಗಳ ಲಭ್ಯ ಸೀಟುಗಳಲ್ಲಿ ಶೇಕಡಾ 70 ಹಾಗೂ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇಕಡಾ 8 ಸ್ಥಳೀಯರಿಗೆ ಮೀಸಲು. ಅಂದರೆ ಹಳ್ಳಿಖೇಡದ ವಿದ್ಯಾರ್ಥಿನಿಗೆ ತನ್ನ ಭಾಗದಲ್ಲೂ ಅವಕಾಶವಿದೆ, ಬೆಂಗಳೂರು ಮೈಸೂರಿನ ಕಡೆಗೂ ದಾರಿಯಿದೆ. ಆದರೆ ಇದಕ್ಕೆ ಸ್ಥಳೀಯ ಅರ್ಹತಾ ಪ್ರಮಾಣಪತ್ರ ಬೇಕು. ಫಲಿತಾಂಶ ಬಂದ ಮೇಲೆ ಕಚೇರಿಗೆ ಓಡುವ ಬದಲು ಪರೀಕ್ಷೆಗೆ ಮೊದಲೇ ಮಾಡಿಸಿಟ್ಟುಕೊಳ್ಳಿ. ಇದಲ್ಲದೆ ಕೇಂದ್ರೀಯ ವಿಶ್ವವಿದ್ಯಾಲಯಗಳ ಪದವಿ ತರಗತಿಗಳಿಗೆ 2022ರಿಂದ ಸಿ.ಯು.ಇ.ಟಿ. ಎಂಬ ಪ್ರತ್ಯೇಕ ಪ್ರವೇಶ ಪರೀಕ್ಷೆ ಬಂದಿದೆ. ಅದರ ಅರ್ಜಿಯ ದಿನಾಂಕ ಎಷ್ಟೋ ಜನರಿಗೆ ತಿಳಿಯುವುದು ಅದು ಮುಗಿದ ಮೇಲೆ.

ಈ ಎಲ್ಲ ಉತ್ತರಗಳನ್ನು ಒಂದು ಹಾಳೆಯ ಮೇಲೆ ಬರೆಯಿರಿ. ಎಡಗಡೆ ಪ್ರಶ್ನೆಗಳು, ಮೇಲ್ಗಡೆ ಮೂರು ಕಾಲೇಜುಗಳ ಹೆಸರು. ಮನೆಯವರೆಲ್ಲ ಕೂತು ಅದನ್ನು ನೋಡಲಿ. 'ಹೈದರಾಬಾದೋ ಹತ್ತಿರವೋ' ಎಂಬ ವಾಗ್ವಾದ ಆಗ ತಾನಾಗಿ 'ಎಲ್ಲಿ ಪ್ರಯೋಗ ಹೆಚ್ಚು, ಎಲ್ಲಿ ಖರ್ಚು ಕಡಿಮೆ' ಎಂಬ ಲೆಕ್ಕಕ್ಕೆ ತಿರುಗುತ್ತದೆ. ಹಾಳೆಯ ಮುಂದೆ ಕೂತ ಅಪ್ಪಂದಿರು ಮಗಳ ಮಾತನ್ನು ಹೆಚ್ಚು ತಾಳ್ಮೆಯಿಂದ ಕೇಳುತ್ತಾರೆ.

ಇಷ್ಟೆಲ್ಲ ವಿಚಾರಿಸಿದ ಮೇಲೂ ಬಯಸಿದ ಜಾಗ ಸಿಗದೆ ಹೋಗಬಹುದು. ಸೀಟು ತಪ್ಪಬಹುದು, ಹಣ ಸಾಲದೆ ಹೋಗಬಹುದು. ಆಗ ಕೈಚೆಲ್ಲಿ ಕೂರಬೇಡಿ. ಸಿಕ್ಕ ಕಾಲೇಜಿನಲ್ಲೇ ಓದುತ್ತ, ನೆನಪಿನಿಂದ ಬರೆಯುವ ಅಭ್ಯಾಸ ಬಿಡದೆ, ಸ್ನಾತಕೋತ್ತರ ಹಂತದಲ್ಲಿ ಮುಂದಿನ ಬಾಗಿಲನ್ನು ತಟ್ಟಬಹುದು. ದುಡಿಯುತ್ತ ಓದಬೇಕಾದವರಿಗೆ 1996ರಲ್ಲಿ ಸ್ಥಾಪನೆಯಾದ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವೂ ಇದೆ. ಒಳ್ಳೆಯ ಕಾಲೇಜು ಅರ್ಧ ಕೆಲಸ ಮಾಡಿಕೊಡುತ್ತದೆ. ಉಳಿದ ಅರ್ಧ ಎಲ್ಲ ಕಾಲೇಜಿನಲ್ಲೂ ವಿದ್ಯಾರ್ಥಿಯದೇ.

ಈ ಭಾಷಣವನ್ನು ಓದಿ ಮುಗಿಸಿದ ನೀವು ಈಗಲೇ ಒಂದು ಕೆಲಸ ಮಾಡಿ. ಪುಸ್ತಿಕೆಯನ್ನು ಮುಚ್ಚಿಡಿ. ಕಾಲೇಜಿನಲ್ಲಿ ಕೇಳಬೇಕಾದ ಆರು ಪ್ರಶ್ನೆಗಳನ್ನು ನೆನಪಿನಿಂದ ಬರೆಯಿರಿ. ನಾಲ್ಕು ಬಂದರೆ ಸಂತೋಷ. ಬಾರದ ಎರಡನ್ನು ತೆರೆದು ನೋಡಿ, ನಾಳೆ ಮತ್ತೆ ಬರೆಯಿರಿ. ನೋಡುಗರೋ ಕೇಳುಗರೋ ಎಂಬ ಭೇದವಿಲ್ಲದೆ ಅವು ನಿಮ್ಮೆಲ್ಲರಿಗೂ ಬರುತ್ತವೆ.